ಸೇ, ಟೆಲ್, ಸ್ಪೀಕ್, ಟಾಕ್: ಎಲ್ಲಿ ಯಾವುದನ್ನು ಬಳಸಬೇಕು?

‘ಹೇಳು’, ‘ಮಾತಾಡು’ ಎಂಬ ಎರಡು ಕ್ರಿಯಾಪದಗಳಿದ್ದರೆ ಕನ್ನಡದಲ್ಲಿ ದಿನದ ಬಹುಪಾಲು ವ್ಯವಹಾರ ನಡೆದುಹೋಗುತ್ತದೆ. ಇಂಗ್ಲಿಷಿಗೆ ಬಂದ ಕೂಡಲೇ ಅದೇ ಜಾಗಕ್ಕೆ ನಾಲ್ಕು ಪದಗಳು ಬಂದು ನಿಲ್ಲುತ್ತವೆ: ಸೇ, ಟೆಲ್, ಸ್ಪೀಕ್, ಟಾಕ್. ನಿಘಂಟು ತೆರೆದರೆ ನಾಲ್ಕಕ್ಕೂ ಹೇಳು, ನುಡಿ, ಮಾತಾಡು ಅಂತಲೇ ಬರೆದಿರುತ್ತದೆ. ಹಾಗಾಗಿ ಶಾಲೆ, ಕಾಲೇಜು ಪೂರ್ತಿ ಇಂಗ್ಲಿಷ್ ಓದಿದವರ ಬಾಯಲ್ಲೂ ‘ಹೀ ಟೋಲ್ಡ್ ದಟ್ ಹೀ ವಿಲ್ ಕಮ್’, ‘ಶೀ ಸೆಡ್ ಮೀ’, ‘ಟೆಲ್ ಟು ಹಿಮ್’ ಬಂದುಬಿಡುತ್ತವೆ. ಇಂಥ ವಾಕ್ಯ ಕೇಳಿದವರಿಗೆ ವಿಷಯವೇನೋ ತಿಳಿಯುತ್ತದೆ. ಆದರೆ ಸಂದರ್ಶನದಲ್ಲಿ, ಇಮೇಲ್‌ನಲ್ಲಿ, ಪರೀಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಇವೇ.

ಈ ನಾಲ್ಕರ ನಡುವೆ ಅರ್ಥದ ವ್ಯತ್ಯಾಸ ಹುಡುಕುತ್ತಾ ಕೂತರೆ ಕೊನೆಯೇ ಇಲ್ಲ. ಅರ್ಥ ಬಹಳ ಕಡೆ ಒಂದರೊಳಗೊಂದು ಸೇರಿಕೊಂಡಿದೆ. ನಿಜವಾದ ವ್ಯತ್ಯಾಸ ಇರುವುದು ಕ್ರಿಯಾಪದದ ಪಕ್ಕದ ಜಾಗದಲ್ಲಿ. ಅದರ ಬೆನ್ನಿಗೇ ಏನು ಬರುತ್ತಿದೆ? ಆಡಿದ ಮಾತೇ, ಕೇಳಿಸಿಕೊಂಡ ವ್ಯಕ್ತಿಯೇ, ಒಂದು ಭಾಷೆಯ ಹೆಸರೇ, ಅಥವಾ ‘ಟು’, ‘ಅಬೌಟ್’ನಂಥ ಸಣ್ಣ ಪದವೇ? ಈ ಒಂದು ಪ್ರಶ್ನೆ ಹಾಕಿಕೊಳ್ಳುವ ಅಭ್ಯಾಸವಾದರೆ ಹತ್ತರಲ್ಲಿ ಒಂಬತ್ತು ಕಡೆ ಸರಿಯಾದ ಪದ ತಾನಾಗಿ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಕೆಳಗಿನ ಹೆಜ್ಜೆಗಳೆಲ್ಲ ಆ ಪ್ರಶ್ನೆಯ ಸುತ್ತಲೇ ಇವೆ.

ಮೊದಲ ಹೆಜ್ಜೆ: ವಿಷಯವೋ, ಮಾತೋ?

ನಾಲ್ಕನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲು ಎರಡು ಜೋಡಿ ಮಾಡಿಕೊಳ್ಳಿ. ಸೇ ಮತ್ತು ಟೆಲ್ ಒಂದು ಕಡೆ, ಸ್ಪೀಕ್ ಮತ್ತು ಟಾಕ್ ಇನ್ನೊಂದು ಕಡೆ.

ಸೇ, ಟೆಲ್ ಎರಡರಲ್ಲೂ ಒಂದು ವಿಷಯ ಇರುತ್ತದೆ. ಏನು ಹೇಳಿದ ಎಂಬುದು ಅಲ್ಲಿ ಮುಖ್ಯ. ಸ್ಪೀಕ್, ಟಾಕ್ ಎರಡರಲ್ಲೂ ಮಾತಾಡುವ ಕೆಲಸ ಮುಖ್ಯ. ಏನು ಮಾತಾಡಿದ ಎಂಬುದನ್ನು ಬಿಚ್ಚಿ ಹೇಳದಿದ್ದರೂ ವಾಕ್ಯ ಪೂರ್ತಿಯಾಗುತ್ತದೆ. ‘ವಿ ಟಾಕ್ಡ್’ ಅಂದರೆ ನಾವು ಮಾತಾಡಿದೆವು, ಅಷ್ಟೇ, ವಾಕ್ಯ ಮುಗಿಯಿತು. ‘ವಿ ಸೆಡ್’ ಅಂತ ನಿಲ್ಲಿಸಿದರೆ ಕೇಳುವವರು ಮುಂದಿನದಕ್ಕೆ ಕಾಯುತ್ತಾರೆ.

ಇದಕ್ಕೊಂದು ಸುಲಭ ಪರೀಕ್ಷೆ ಕನ್ನಡದಲ್ಲೇ ಇದೆ. ನೀವು ಹೇಳಬೇಕೆಂದಿರುವ ವಾಕ್ಯದಲ್ಲಿ ‘ಅಂತ’ ಅಥವಾ ‘ಎಂದು’ ಇದೆಯೇ ನೋಡಿ. ‘ತಡವಾಗುತ್ತದೆ ಅಂತ ಹೇಳಿದಳು’, ‘ಕೆಲಸ ಮುಗಿಯಿತು ಎಂದರು’. ‘ಅಂತ’ ಇದ್ದರೆ ಸ್ಪೀಕ್, ಟಾಕ್ ಎರಡನ್ನೂ ಅಲ್ಲೇ ಬಿಟ್ಟುಬಿಡಿ. ‘ಶೀ ಸ್ಪೋಕ್ ದಟ್’, ‘ಹೀ ಟಾಕ್ಡ್ ದಟ್’ ಎಂಬ ರಚನೆ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಜನ ಹಾಗೆ ಮಾತಾಡಿಕೊಳ್ಳುತ್ತಿದ್ದಾರೆ ಅನ್ನುವಾಗಲೂ ‘ಪೀಪಲ್ ಆರ್ ಸೇಯಿಂಗ್ ದಟ್’ ಆಗಬೇಕು, ‘ಟಾಕಿಂಗ್ ದಟ್’ ಆಗದು.

ಎರಡನೇ ಹೆಜ್ಜೆ: ಕೇಳಿಸಿಕೊಂಡವರು ವಾಕ್ಯದಲ್ಲಿ ಇದ್ದಾರೆಯೇ?

ಅತಿ ಹೆಚ್ಚು ಎಡವುವುದು ಇಲ್ಲೇ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಟೆಲ್‌ಗೆ ಒಬ್ಬ ಕೇಳುಗ ಬೇಕು, ಅದೂ ತನ್ನ ಪಕ್ಕದಲ್ಲೇ, ನಡುವೆ ಯಾವ ಪದವೂ ಇಲ್ಲದೆ. ‘ಟೆಲ್ ಮೀ’, ‘ಟೋಲ್ಡ್ ಹಿಮ್’, ‘ಟೋಲ್ಡ್ ದಿ ಡಾಕ್ಟರ್’. ಸೇಗೆ ಬೇಕಿರುವುದು ಮಾತು. ಕೇಳುಗ ಇರಲಿ ಇಲ್ಲದಿರಲಿ, ಅದಕ್ಕೆ ಲೆಕ್ಕವಿಲ್ಲ. ‘ಹೀ ಸೆಡ್ ದಟ್ ಹೀ ವಾಸ್ ಟೈರ್ಡ್’ ಅಂದರೆ ಆಯಾಸವಾಗಿದೆ ಅಂದ. ಯಾರ ಹತ್ತಿರ ಅಂದ ಎಂಬ ಸುದ್ದಿಯೇ ಇಲ್ಲ, ಆದರೂ ವಾಕ್ಯ ಪೂರ್ಣ.

ಒಂದೇ ವಾಕ್ಯವನ್ನು ಹತ್ತಿರದಿಂದ ನೋಡೋಣ. ‘ನಾಳೆ ಪರೀಕ್ಷೆ ಇಲ್ಲ ಅಂತ ಮೇಷ್ಟ್ರು ಹೇಳಿದರು.’ ಇದನ್ನು ಇಂಗ್ಲಿಷಿಗೆ ತರುವಾಗ ಮೊದಲು ಕೇಳಿಕೊಳ್ಳಿ: ಯಾರಿಗೆ ಹೇಳಿದರು ಎಂಬುದು ಈ ವಾಕ್ಯದಲ್ಲಿ ಇದೆಯೇ? ಇಲ್ಲ. ಹಾಗಾದರೆ ‘ದಿ ಟೀಚರ್ ಸೆಡ್ ದಟ್ ದೇರ್ ವಾಸ್ ನೋ ಎಕ್ಸಾಮ್ ಟುಮಾರೋ’. ಈಗ ಒಂದೇ ಒಂದು ಪದ ಸೇರಿಸಿ: ‘ನಾಳೆ ಪರೀಕ್ಷೆ ಇಲ್ಲ ಅಂತ ಮೇಷ್ಟ್ರು ನಮಗೆ ಹೇಳಿದರು.’ ‘ನಮಗೆ’ ಬಂತು, ಕೇಳುಗರು ಬಂದರು, ಕ್ರಿಯಾಪದ ಬದಲಾಯಿತು: ‘ದಿ ಟೀಚರ್ ಟೋಲ್ಡ್ ಅಸ್ ದಟ್ ದೇರ್ ವಾಸ್ ನೋ ಎಕ್ಸಾಮ್ ಟುಮಾರೋ’. ಕನ್ನಡದಲ್ಲಿ ‘ಹೇಳಿದರು’ ಹಾಗೇ ಇದೆ, ಇಂಗ್ಲಿಷಿನಲ್ಲಿ ಮಾತ್ರ ಪದವೇ ಬೇರೆ. ತಪ್ಪು ಹುಟ್ಟುವ ಜಾಗ ಇದು. ಕನ್ನಡದ ‘ಹೇಳು’ ಕೇಳುಗನನ್ನು ಇಟ್ಟುಕೊಂಡೂ ನಡೆಯುತ್ತದೆ, ಬಿಟ್ಟೂ ನಡೆಯುತ್ತದೆ. ಟೆಲ್‌ಗೆ ಆ ಸ್ವಾತಂತ್ರ್ಯ ಇಲ್ಲ. ‘ದಿ ಟೀಚರ್ ಟೋಲ್ಡ್ ದಟ್’ ಎಂಬುದು ಒಂದು ಪದ ಉದುರಿಹೋದ ವಾಕ್ಯ.

ಇನ್ನೊಂದು ತೊಡಕು ‘ಗೆ’ ಪ್ರತ್ಯಯದ್ದು. ನಾವು ‘ಅವನಿಗೆ ಹೇಳು’ ಅನ್ನುತ್ತೇವೆ. ‘ಗೆ’ ಅಂದರೆ ‘ಟು’ ಎಂದು ಚಿಕ್ಕಂದಿನಿಂದ ಕಲಿತಿದ್ದೇವೆ. ಹಾಗಾಗಿ ‘ಟೆಲ್ ಟು ಹಿಮ್’ ಬಾಯಿಗೆ ಬರುತ್ತದೆ. ಆದರೆ ಟೆಲ್ ಮತ್ತು ಕೇಳುಗನ ನಡುವೆ ‘ಟು’ ಬರುವಂತಿಲ್ಲ. ‘ಟೆಲ್ ಹಿಮ್’, ಅಷ್ಟೇ. ಸೇಗೆ ಇದರ ತಿರುಗುಮುರುಗು: ಅಲ್ಲಿ ವ್ಯಕ್ತಿಯನ್ನು ತರಲೇಬೇಕೆಂದರೆ ‘ಟು’ ಇಲ್ಲದೆ ತರಲಾಗದು. ‘ಸೆಡ್ ಮೀ’ ತಪ್ಪು, ‘ಸೆಡ್ ಟು ಮೀ’ ಸರಿ.

ಹಾಗಾದರೆ ‘ಸೆಡ್ ಟು ಮೀ’, ‘ಟೋಲ್ಡ್ ಮೀ’ ಎರಡೂ ಒಂದೇ ಆಯಿತಲ್ಲ ಅನಿಸಬಹುದು. ಪೂರ್ತಿ ಒಂದೇ ಅಲ್ಲ. ‘ವಾಟ್ ಡಿಡ್ ಹೀ ಸೇ ಟು ಯೂ?’ ಅಂತ ಕೇಳಿದರೆ ಅವನು ನಿನ್ನ ಹತ್ತಿರ ಏನಂದ, ಯಾವ ಮಾತು ಆಡಿದ ಎಂಬ ಕುತೂಹಲ ಇರುತ್ತದೆ. ಬೈದನೇ, ಹೊಗಳಿದನೇ, ಆ ಮಾತೇ ಬೇಕು. ‘ವಾಟ್ ಡಿಡ್ ಹೀ ಟೆಲ್ ಯೂ?’ ಅಂದರೆ ಅವನು ತಿಳಿಸಿದ ವಿಷಯ ಏನು, ಸುದ್ದಿ ಏನು ಎಂದು. ಹೀಗಾಗಿ ಒಬ್ಬರ ಮಾತನ್ನು ಇದ್ದದ್ದು ಇದ್ದ ಹಾಗೆ ಉದ್ಧರಣ ಚಿಹ್ನೆಯೊಳಗೆ ಬರೆಯುವಾಗ ಸಾಮಾನ್ಯವಾಗಿ ಸೇ ಬರುತ್ತದೆ. “ಐ ಆಮ್ ರೆಡಿ,” ಹೀ ಸೆಡ್. ಇಲ್ಲಿ ‘ಹೀ ಟೋಲ್ಡ್’ ಅಂತ ನಿಲ್ಲಿಸಲಾಗದು; ‘ಹೀ ಟೋಲ್ಡ್ ಮೀ’ ಎಂದರೆ ಆಗುತ್ತದೆ. ಇಂಗ್ಲಿಷ್ ಕಥೆ, ಕಾದಂಬರಿಗಳಲ್ಲಿ ಪುಟಪುಟಕ್ಕೂ ‘ಸೆಡ್’ ಕಾಣುವುದು ಇದಕ್ಕೇ. ಪದೇಪದೇ ಅದೇ ಪದ ಬಂತಲ್ಲ ಎಂದು ಬದಲಿಸಲು ಹೋಗಬೇಡಿ. ಓದುವವರ ಕಣ್ಣು ಅದರ ಮೇಲೆ ನಿಲ್ಲದೆ ಮುಂದಕ್ಕೆ ಹೋಗುತ್ತದೆ, ಲೇಖಕರಿಗೆ ಬೇಕಿರುವುದೂ ಅದೇ.

ಕನ್ನಡದಲ್ಲಿ ಸೇಗೆ ಹತ್ತಿರದ ಪದ ಹುಡುಕುವುದಾದರೆ ಅದು ‘ಹೇಳು’ ಅಲ್ಲ, ‘ಅನ್ನು’. ‘ಬರ್ತೀನಿ ಅಂದ’, ‘ಬೇಡ ಅಂದಳು’, ‘ಏನಂದ್ರಿ?’ ಇವೆಲ್ಲ ಸೇಯ ಜಾಗಗಳೇ. ಗಮನಿಸಿ, ಅನ್ನು ಕೂಡ ಕೇಳುಗನನ್ನು ಅಷ್ಟು ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ‘ಬರ್ತೀನಿ ಅಂತ ನನಗೆ ಹೇಳಿದ’ ಸಹಜ. ‘ನನಗೆ ಅಂದ’ ಎಂದರೆ ಚುಚ್ಚಿ ಮಾತಾಡಿದ ಎಂಬ ಬೇರೆಯೇ ಅರ್ಥ ಬಂದುಬಿಡುತ್ತದೆ. ಹಾಗಾಗಿ ಗೊಂದಲವಾದಾಗ ನಿಮ್ಮ ವಾಕ್ಯವನ್ನು ‘ಅಂದ’, ‘ಅಂದಳು’ ಹಾಕಿ ಒಮ್ಮೆ ಹೇಳಿಕೊಳ್ಳಿ. ಸಲೀಸಾಗಿ ಕೂತರೆ ಸೇ ಬಳಸಿ. ನೂರಕ್ಕೆ ನೂರು ಕಡೆ ಹೊಂದದಿದ್ದರೂ ಮಾತಿನ ಓಘದಲ್ಲಿ ಇದು ಕೈಕೊಡುವುದು ಕಡಿಮೆ.

ಕರ್ಮಣಿ ಪ್ರಯೋಗದಲ್ಲಿ ಈ ನಿಯಮ ಇನ್ನಷ್ಟು ಗಟ್ಟಿ. ‘ಹತ್ತು ಗಂಟೆಗೆ ಬರಬೇಕು ಅಂತ ನನಗೆ ಹೇಳಿದ್ದರು’ ಎಂಬುದಕ್ಕೆ ‘ಐ ವಾಸ್ ಟೋಲ್ಡ್ ಟು ಕಮ್ ಅಟ್ ಟೆನ್’. ‘ಐ ವಾಸ್ ಸೆಡ್’ ಎಂಬುದು ಈ ಅರ್ಥದಲ್ಲಿ ಎಂದೂ ಸರಿಯಲ್ಲ. ಕಚೇರಿಯ ಪತ್ರಗಳಲ್ಲಿ ಯಾರು ಹೇಳಿದರು ಎಂದು ಹೆಸರಿಸದೆ ಬರೆಯಬೇಕಾದಾಗ ‘ಐ ವಾಸ್ ಟೋಲ್ಡ್ ದಟ್’ ಬಹಳ ಉಪಯೋಗಕ್ಕೆ ಬರುತ್ತದೆ. ‘ಹೀ ಈಸ್ ಸೆಡ್ ಟು ಬಿ ರಿಚ್’ ಎಂಬ ವಾಕ್ಯ ಬೇರೆ. ಅವನು ಶ್ರೀಮಂತನಂತೆ, ಜನ ಹಾಗನ್ನುತ್ತಾರೆ ಎಂದು ಅದರ ಅರ್ಥ. ನಮ್ಮ ‘ಅಂತೆ’ಗೆ ಇಂಗ್ಲಿಷಿನಲ್ಲಿ ಸಿಗುವ ಒಳ್ಳೆಯ ಜೊತೆ ಅದು.

ಉಚ್ಚಾರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಸೇ ಎಂಬುದು ದೀರ್ಘ, ಆದರೆ ಅದರ ಭೂತಕಾಲದ ರೂಪ ‘ಸೆಡ್’, ಹ್ರಸ್ವ. ಕಾಗುಣಿತ ನೋಡಿ ‘ಸೇಡ್’ ಅನ್ನುವುದು, ‘ಸೈಡ್’ ಅನ್ನುವುದು ಎರಡೂ ತಪ್ಪು. ‘ಹೀ’, ‘ಶೀ’ ಜೊತೆ ಬರುವ ವರ್ತಮಾನಕಾಲದ ರೂಪವೂ ಹ್ರಸ್ವವೇ, ‘ಸೆಜ್’, ‘ಸೇಸ್’ ಅಲ್ಲ. ಟಾಕ್‌ನಲ್ಲಿ ಬರೆಯುವ ಎಲ್ ಅಕ್ಷರ ಉಚ್ಚಾರದಲ್ಲಿ ಇಲ್ಲ.

ಮೂರನೇ ಹೆಜ್ಜೆ: ಮಾಡಲು ಹೇಳುವುದು, ಕೇಳುವುದು

‘ಅವನಿಗೆ ಬರೋಕೆ ಹೇಳು’ ಎಂಬಂಥ ವಾಕ್ಯದಲ್ಲಿ ವಿಷಯ ತಿಳಿಸುವುದಿಲ್ಲ, ಕೆಲಸ ಮಾಡಿಸುತ್ತೇವೆ. ಇಲ್ಲಿ ಟೆಲ್, ನಂತರ ವ್ಯಕ್ತಿ, ಅದಾದ ಮೇಲೆ ‘ಟು’ ಸೇರಿದ ಕ್ರಿಯಾಪದ: ‘ಟೆಲ್ ಹಿಮ್ ಟು ಕಮ್’. ಬೇಡ ಅನ್ನಬೇಕಾದರೆ ‘ನಾಟ್’ ಬರುವುದು ‘ಟು’ಗಿಂತ ಮೊದಲು: ‘ಟೆಲ್ ಹಿಮ್ ನಾಟ್ ಟು ಕಮ್’. ಇದನ್ನು ‘ಡೋಂಟ್ ಟೆಲ್ ಹಿಮ್ ಟು ಕಮ್’ ಎಂದರೆ ಅರ್ಥವೇ ಬದಲಾಗುತ್ತದೆ. ಮೊದಲನೆಯದು ‘ಬರಬೇಡ ಅಂತ ಹೇಳು’, ಎರಡನೆಯದು ‘ಬಾ ಅಂತ ಹೇಳಬೇಡ’.

ಇಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ಕನ್ನಡದಲ್ಲಿ ಕಿರಿಯರಿಗೂ ಹಿರಿಯರಿಗೂ ‘ಹೇಳು’ ಎಂಬ ಪದವೇ ನಡೆಯುತ್ತದೆ. ಗೌರವವನ್ನು ನಾವು ‘ರಿ’, ‘ಅವರು’, ‘ದಯವಿಟ್ಟು’ಗಳಿಂದ ತರುತ್ತೇವೆ. ‘ಸಾಹೇಬರಿಗೆ ಸಹಿ ಹಾಕೋಕೆ ಹೇಳಿ’ ಎಂದರೆ ಯಾರಿಗೂ ಒರಟು ಅನಿಸದು. ಇಂಗ್ಲಿಷಿನಲ್ಲಿ ‘ಐ ಟೋಲ್ಡ್ ದಿ ಮ್ಯಾನೇಜರ್ ಟು ಸೈನ್’ ಎಂದರೆ ನೀವು ಮ್ಯಾನೇಜರ್‌ಗೆ ಅಪ್ಪಣೆ ಕೊಟ್ಟಂತೆ. ಅಲ್ಲಿ ‘ಆಸ್ಕ್’ ಬೇಕು: ‘ಐ ಆಸ್ಕ್ಡ್ ದಿ ಮ್ಯಾನೇಜರ್ ಟು ಸೈನ್’. ಹಿರಿಯರಿಗೆ, ಗ್ರಾಹಕರಿಗೆ, ಪರಿಚಯವಿಲ್ಲದವರಿಗೆ ಏನಾದರೂ ಮಾಡಿಕೊಡಲು ಹೇಳಿದ್ದರೆ ಆಸ್ಕ್ ಬಳಸಿ. ವ್ಯಾಕರಣದ ದೃಷ್ಟಿಯಿಂದ ಟೆಲ್ ತಪ್ಪಲ್ಲ, ಆದರೆ ಓದಿದವರ ಮನಸ್ಸಿನಲ್ಲಿ ನಿಮ್ಮ ಬಗ್ಗೆ ಮೂಡುವ ಚಿತ್ರ ಬೇರೆಯಾಗುತ್ತದೆ. ವ್ಯಾಕರಣದ ತಪ್ಪಿಗಿಂತ ಇಂಥ ಕಡೆ ಆಗುವ ನಷ್ಟವೇ ದೊಡ್ಡದು ಅಂತ ನನಗನಿಸುತ್ತದೆ, ಏಕೆಂದರೆ ಇದನ್ನು ಯಾರೂ ತಿದ್ದುವುದಿಲ್ಲ.

ಆಸ್ಕ್‌ಗೂ ಟೆಲ್‌ನ ಹಾಗೆ ವ್ಯಕ್ತಿ ನೇರವಾಗಿ ಬರಬೇಕು. ‘ಆಸ್ಕ್ ಟು ಹಿಮ್’ ಅಲ್ಲ, ‘ಆಸ್ಕ್ ಹಿಮ್’. ದುಡ್ಡು, ಸಹಾಯ, ರಜೆ ಮುಂತಾದವನ್ನು ಬೇಡುವಾಗ ‘ಫಾರ್’ ಸೇರಬೇಕು: ‘ಹೀ ಆಸ್ಕ್ಡ್ ಫಾರ್ ಲೀವ್’. ಬೇರೊಬ್ಬರ ಪ್ರಶ್ನೆಯನ್ನು ವರದಿ ಮಾಡುವಾಗ ‘ಅಂತ’ ಮತ್ತೆ ಕಾಡುತ್ತದೆ. ‘ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳಿದ’ ಎಂಬುದು ‘ಹೀ ಆಸ್ಕ್ಡ್ ದಟ್ ವೇರ್ ಆರ್ ಯೂ ಗೋಯಿಂಗ್’ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ‘ವೇರ್’, ‘ವಾಟ್’, ‘ವೈ’ ಇದ್ದರೆ ‘ದಟ್’ಗೆ ಜಾಗವೇ ಇಲ್ಲ, ಮತ್ತು ಒಳಗಿನ ಪ್ರಶ್ನೆ ಪ್ರಶ್ನೆಯ ಕ್ರಮದಲ್ಲಿ ಉಳಿಯುವುದಿಲ್ಲ: ‘ಹೀ ಆಸ್ಕ್ಡ್ ಮೀ ವೇರ್ ಐ ವಾಸ್ ಗೋಯಿಂಗ್’. ಹೌದು, ಅಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ನಡುವೆ ‘ಇಫ್’: ‘ಶೀ ಆಸ್ಕ್ಡ್ ಮೀ ಇಫ್ ಐ ವಾಸ್ ಫ್ರೀ’.

ನಾಲ್ಕನೇ ಹೆಜ್ಜೆ: ನಿಯಮಕ್ಕೆ ಸಿಗದ ಜೋಡಿಗಳನ್ನು ಜೋಡಿಯಾಗಿಯೇ ಕಲಿಯಿರಿ

ಟೆಲ್‌ಗೆ ಕೇಳುಗ ಬೇಕೇಬೇಕು ಅಂದೆ. ಆದರೆ ಕೆಲವು ನಾಮಪದಗಳ ಜೊತೆ ಕೇಳುಗ ಇಲ್ಲದೆಯೂ ಟೆಲ್ ನಿಲ್ಲುತ್ತದೆ: ಟ್ರೂತ್, ಲೈ, ಸ್ಟೋರಿ, ಜೋಕ್, ಸೀಕ್ರೆಟ್. ಸುಳ್ಳು ಹೇಳುವುದು, ನಿಜ ಹೇಳುವುದು, ಕಥೆ ಹೇಳುವುದು, ಗುಟ್ಟು ಹೇಳುವುದು ಎಲ್ಲಕ್ಕೂ ಟೆಲ್. ‘ಸೇ ಎ ಸ್ಟೋರಿ’, ‘ಸೇ ಎ ಲೈ’ ಎಂಬುವು ನಮ್ಮಲ್ಲಿ ಬಹಳ ಕೇಳಿಬರುತ್ತವೆ, ಎರಡೂ ತಪ್ಪು. ಅತ್ತ ಹಲೋ, ಗುಡ್‌ಬೈ, ಯೆಸ್, ನೋ, ಸಾರಿ, ಥ್ಯಾಂಕ್ಸ್ ಇವೆಲ್ಲ ಸೇ ಪಾಲಿಗೆ. ಕಾರಣ ಊಹಿಸಬಹುದು: ಇವು ಬಾಯಿಂದ ಹೊರಡುವ ಪದಗಳೇ, ತಿಳಿಸುವ ವಿಷಯಗಳಲ್ಲ. ಯಾರಿಗೆ ಎಂದು ಹೇಳಬೇಕಾದರೆ ‘ಸೇ ಹಲೋ ಟು ಯುವರ್ ಮದರ್’. ಪ್ರಾರ್ಥನೆಯನ್ನು ನಾವು ‘ಮಾಡುತ್ತೇವೆ’, ಅವರು ‘ಸೇ ಎ ಪ್ರೇಯರ್’ ಅನ್ನುತ್ತಾರೆ.

ಟೆಲ್‌ಗೆ ಇನ್ನೊಂದು ಮುಖವಿದೆ, ಅದು ಮಾತಿಗೆ ಸಂಬಂಧಿಸಿದ್ದೇ ಅಲ್ಲ. ‘ಐ ಕ್ಯಾನ್ ಟೆಲ್’ ಅಂದರೆ ನನಗೆ ಗೊತ್ತಾಗುತ್ತದೆ. ‘ಟೆಲ್ ದಿ ಡಿಫರೆನ್ಸ್’ ಅಂದರೆ ವ್ಯತ್ಯಾಸ ಗುರುತಿಸು. ‘ಐ ಕಾಂಟ್ ಟೆಲ್ ದಿ ಟ್ವಿನ್ಸ್ ಅಪಾರ್ಟ್’ ಅಂದರೆ ಅವಳಿ ಮಕ್ಕಳಲ್ಲಿ ಯಾರು ಯಾರೆಂದು ನನಗೆ ತಿಳಿಯುವುದಿಲ್ಲ. ಗಡಿಯಾರ ನೋಡಿ ಸಮಯ ತಿಳಿಯುವುದು ‘ಟೆಲ್ ದಿ ಟೈಮ್’. ಅಮೆರಿಕದವರು ನಡುವಿನ ‘ದಿ’ ಬಿಟ್ಟು ‘ಟೆಲ್ ಟೈಮ್’ ಅನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಎಣಿಸು ಎಂಬ ಅರ್ಥವೂ ಇತ್ತು. ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವವರನ್ನು ಟೆಲ್ಲರ್ ಅನ್ನುವುದು, ಒಟ್ಟು ಎಷ್ಟು ಎಂಬುದಕ್ಕೆ ‘ಆಲ್ ಟೋಲ್ಡ್’ ಅನ್ನುವುದು ಅದರ ಉಳಿಕೆ.

ಬಾಯಿಲ್ಲದ ವಸ್ತುಗಳು ‘ಹೇಳುವಾಗ’ ಸೇ ಬಳಸಿ. ಪತ್ರದಲ್ಲಿ ಹೀಗೆ ಬರೆದಿದೆ, ಬೋರ್ಡಿನಲ್ಲಿ ಹೀಗಿದೆ, ಗಡಿಯಾರ ಐದು ತೋರಿಸುತ್ತಿದೆ ಎಂಬಲ್ಲೆಲ್ಲ ‘ದಿ ಲೆಟರ್ ಸೆಜ್’, ‘ದಿ ಬೋರ್ಡ್ ಸೆಜ್’, ‘ದಿ ಕ್ಲಾಕ್ ಸೆಜ್ ಫೈವ್’. ನಾವು ‘ಇನ್ ದಿ ಲೆಟರ್ ಇಟ್ ಈಸ್ ರಿಟನ್ ದಟ್’ ಎಂದು ಉದ್ದಕ್ಕೆ ಬರೆಯುವುದನ್ನು ಅವರು ಮೂರು ಪದದಲ್ಲಿ ಮುಗಿಸುತ್ತಾರೆ. ಅಷ್ಟುದ್ದ ಬರೆದರೆ ತಪ್ಪಿಲ್ಲ, ಅಗತ್ಯವೂ ಇಲ್ಲ.

ಐದನೇ ಹೆಜ್ಜೆ: ಸ್ಪೀಕ್ ಮತ್ತು ಟಾಕ್

ಈ ಜೋಡಿಯಲ್ಲಿ ಭಯಪಡಬೇಕಾದದ್ದು ಕಡಿಮೆ. ಬಹಳಷ್ಟು ಕಡೆ ಒಂದರ ಬದಲು ಇನ್ನೊಂದನ್ನು ಹಾಕಿದರೆ ಧಾಟಿ ಬದಲಾಗುತ್ತದೆಯೇ ಹೊರತು ವಾಕ್ಯ ಕೆಡುವುದಿಲ್ಲ. ಖಚಿತವಾಗಿ ಬೇರೆಯಾಗುವ ಜಾಗ ಭಾಷೆಯ ಹೆಸರು. ಭಾಷೆ ನೇರವಾಗಿ ಪಕ್ಕದಲ್ಲಿ ಬಂದರೆ ಸ್ಪೀಕ್: ‘ಶೀ ಸ್ಪೀಕ್ಸ್ ಕನ್ನಡ’. ‘ಶೀ ಟಾಕ್ಸ್ ಕನ್ನಡ’ ಅನ್ನುವುದಿಲ್ಲ. ಒಂದು ಭಾಷೆಯಲ್ಲಿ ಹರಟುತ್ತಿದ್ದರು ಎಂದು ನಡುವೆ ‘ಇನ್’ ತಂದರೆ ಮಾತ್ರ ‘ದೇ ವರ್ ಟಾಕಿಂಗ್ ಇನ್ ಕನ್ನಡ’ ಆಗಬಹುದು. ‘ನನಗೆ ಇಂಗ್ಲಿಷ್ ಮಾತಾಡೋಕೆ ಬರುತ್ತೆ’ ಎಂಬುದನ್ನು ‘ಐ ನೋ ಟು ಸ್ಪೀಕ್ ಇಂಗ್ಲಿಷ್’ ಎಂದು ಹೇಳುವವರಿದ್ದಾರೆ. ‘ಐ ಕ್ಯಾನ್ ಸ್ಪೀಕ್ ಇಂಗ್ಲಿಷ್’ ಅಥವಾ ಬರೀ ‘ಐ ಸ್ಪೀಕ್ ಇಂಗ್ಲಿಷ್’ ಸಾಕು.

ಉಳಿದಂತೆ ಸ್ಪೀಕ್ ಸ್ವಲ್ಪ ಗಂಭೀರ, ಹೆಚ್ಚಾಗಿ ಒಬ್ಬರ ಕಡೆಯಿಂದ ಬರುವ ಮಾತು. ಸಭೆಯಲ್ಲಿ ಭಾಷಣ ಮಾಡುವುದು, ಫೋನಿನಲ್ಲಿ ‘ಮೇ ಐ ಸ್ಪೀಕ್ ಟು ದಿ ಮ್ಯಾನೇಜರ್?’ ಅನ್ನುವುದು, ಆ ಕಡೆಯಿಂದ ‘ಹೂ ಈಸ್ ಸ್ಪೀಕಿಂಗ್?’ ಎಂಬ ಪ್ರಶ್ನೆ, ಇವೆಲ್ಲ ಸ್ಪೀಕ್. ಟಾಕ್‌ನಲ್ಲಿ ಇಬ್ಬರಾದರೂ ಇರುತ್ತಾರೆ, ಮಾತು ಆ ಕಡೆಯಿಂದ ಈ ಕಡೆಗೂ ಬರುತ್ತದೆ. ಗೆಳೆಯರು ರಾತ್ರಿಯಿಡೀ ಮಾತಾಡಿದರೆ ‘ಟಾಕ್ಡ್ ಆಲ್ ನೈಟ್’. ಮಗು ಮಾತು ಕಲಿಯುತ್ತಿದೆ ಎಂಬುದಕ್ಕೂ ‘ದಿ ಬೇಬಿ ಈಸ್ ಲರ್ನಿಂಗ್ ಟು ಟಾಕ್’ ಎಂಬುದೇ ಹೆಚ್ಚು ಸಹಜ. ಇಬ್ಬರು ಮಾತು ಬಿಟ್ಟಿದ್ದಾರೆ ಎಂಬ ನಮ್ಮ ನುಡಿಗಟ್ಟಿಗೆ ಎರಡು ದಾರಿ ಇದೆ: ‘ದೇ ಆರ್ ನಾಟ್ ಟಾಕಿಂಗ್ ಟು ಈಚ್ ಅದರ್’ ಅಥವಾ ‘ದೇ ಆರ್ ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್’.

ಇವೆರಡಕ್ಕೂ ವ್ಯಕ್ತಿ ನೇರವಾಗಿ ಅಂಟುವುದಿಲ್ಲ. ‘ಟಾಕ್ ಮೀ’, ‘ಸ್ಪೀಕ್ ಹಿಮ್’ ಇಲ್ಲ. ‘ಟಾಕ್ ಟು ಮೀ’, ‘ಸ್ಪೀಕ್ ಟು ಹಿಮ್’. ‘ಟು’ ಬದಲು ‘ವಿತ್’ ಕೂಡ ನಡೆಯುತ್ತದೆ, ಅಮೆರಿಕದ ಇಂಗ್ಲಿಷಿನಲ್ಲಿ ಅದು ಇನ್ನೂ ಹೆಚ್ಚು. ವಿಷಯಕ್ಕೆ ‘ಅಬೌಟ್’. ಒಂದು ವಿಚಿತ್ರ ರಚನೆ ಮಾತ್ರ ನೆನಪಿಡಿ: ‘ಟಾಕ್ ಮೀ ಇಂಟು’, ‘ಟಾಕ್ ಮೀ ಔಟ್ ಆಫ್’. ಪುಸಲಾಯಿಸಿ ಒಪ್ಪಿಸುವುದು, ಮಾತಾಡಿ ಮನಸ್ಸು ಬದಲಾಯಿಸಿ ಬಿಡಿಸುವುದು. ‘ಶೀ ಟಾಕ್ಡ್ ಮೀ ಇಂಟು ಗೋಯಿಂಗ್’ ಅಂದರೆ ಮನಸ್ಸಿಲ್ಲದ ನನ್ನನ್ನು ಹೇಗೋ ಒಪ್ಪಿಸಿ ಹೊರಡಿಸಿದಳು. ಎದುರು ಮಾತಾಡುವುದು ‘ಟಾಕ್ ಬ್ಯಾಕ್’. ಜೋರಾಗಿ ಹೇಳಿ, ಕೇಳಿಸುತ್ತಿಲ್ಲ ಅನ್ನಲು ‘ಸ್ಪೀಕ್ ಅಪ್’.

ಆರನೇ ಹೆಜ್ಜೆ: ಅದೇ ಪ್ರಶ್ನೆಯನ್ನು ಬೇರೆ ಪದಗಳಿಗೂ ಹಾಕಿ

ಪಕ್ಕದ ಜಾಗ ನೋಡುವ ಅಭ್ಯಾಸದ ನಿಜವಾದ ಲಾಭ ಇಲ್ಲಿ ಸಿಗುತ್ತದೆ. ಹೇಳುವುದಕ್ಕೆ ಸಂಬಂಧಿಸಿದ ಬೇರೆ ಎಷ್ಟೋ ಕ್ರಿಯಾಪದಗಳು ಒಂದೋ ಸೇ ಹಾದಿ ಹಿಡಿಯುತ್ತವೆ, ಇಲ್ಲವೇ ಟೆಲ್ ಹಾದಿ.

ಎಕ್ಸ್‌ಪ್ಲೇನ್, ಸಜೆಸ್ಟ್, ಮೆನ್ಶನ್, ಡಿಸ್ಕ್ರೈಬ್, ಅನೌನ್ಸ್, ಅಡ್ಮಿಟ್, ಇವೆಲ್ಲ ಸೇ ಬಳಗ. ಮೊದಲು ವಿಷಯ, ವ್ಯಕ್ತಿ ಬಂದರೆ ‘ಟು’ ಜೊತೆ. ಹಾಗಾಗಿ ‘ಎಕ್ಸ್‌ಪ್ಲೇನ್ ಮೀ ದಿಸ್’ ಅಲ್ಲ, ‘ಎಕ್ಸ್‌ಪ್ಲೇನ್ ದಿಸ್ ಟು ಮೀ’. ‘ಸಜೆಸ್ಟ್ ಮೀ ಎ ಬುಕ್’ ಅಲ್ಲ, ‘ಸಜೆಸ್ಟ್ ಎ ಬುಕ್ ಟು ಮೀ’. ಇನ್ನೂ ಸರಾಗವಾಗಿ ‘ಕ್ಯಾನ್ ಯೂ ಸಜೆಸ್ಟ್ ಎ ಗುಡ್ ಬುಕ್?’ ಎಂದರೆ ಸಾಕು, ಕೇಳುತ್ತಿರುವುದು ನೀವೇ ತಾನೇ.

ಇನ್‌ಫಾರ್ಮ್, ರಿಮೈಂಡ್, ವಾರ್ನ್, ಅಶ್ಯೂರ್, ಕನ್ವಿನ್ಸ್, ಇವು ಟೆಲ್ ಬಳಗ. ವ್ಯಕ್ತಿ ಮೊದಲು, ನಡುವೆ ಏನೂ ಇಲ್ಲ. ‘ಇನ್‌ಫಾರ್ಮ್ ಟು ಹಿಮ್’ ಎಂದು ಕಚೇರಿಗಳಲ್ಲಿ ಬಹಳ ಬರೆಯುತ್ತಾರೆ. ‘ಇನ್‌ಫಾರ್ಮ್ ಹಿಮ್’ ಸರಿ. ‘ರಿಮೈಂಡ್ ಮೀ’ ಅಂತ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ, ಇನ್‌ಫಾರ್ಮ್ ಕೂಡ ಅದರ ಅಕ್ಕಪಕ್ಕದ್ದೇ ಎಂದು ನೆನಪಿಟ್ಟುಕೊಂಡರೆ ಆಯಿತು.

ಡಿಸ್ಕಸ್‌ನ ಕಥೆ ಬೇರೆ. ‘ಅದರ ಬಗ್ಗೆ ಚರ್ಚಿಸಿದೆವು’ ಎಂಬ ಕನ್ನಡದ ‘ಬಗ್ಗೆ’ ಇಲ್ಲಿ ‘ಅಬೌಟ್’ ಆಗಿ ನುಸುಳುತ್ತದೆ. ಡಿಸ್ಕಸ್ ತನ್ನೊಳಗೇ ‘ಬಗ್ಗೆ’ಯನ್ನು ಇಟ್ಟುಕೊಂಡಿದೆ: ‘ವಿ ಡಿಸ್ಕಸ್ಡ್ ದಿ ಪ್ಲಾನ್’. ಮೆನ್ಶನ್, ಡಿಸ್ಕ್ರೈಬ್‌ಗಳಿಗೂ ‘ಅಬೌಟ್’ ಬೇಡ. ನಾಮಪದವಾದಾಗ ಮಾತ್ರ ‘ಎ ಡಿಸ್ಕಶನ್ ಅಬೌಟ್ ದಿ ಪ್ಲಾನ್’ ಸರಿಯಾಗುತ್ತದೆ. ಉತ್ತರ ಕೊಡುವ ಎರಡು ಪದಗಳಲ್ಲೂ ಇಂಥದೇ ಭೇದ: ‘ಆನ್ಸರ್ ಮೀ’, ಆದರೆ ‘ರಿಪ್ಲೈ ಟು ಮೀ’.

ಹೊಸ ಪದ ಎದುರಾದಾಗ ಇದನ್ನು ಊಹಿಸಬೇಕಿಲ್ಲ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಅರ್ಥದ ಪಕ್ಕದಲ್ಲೇ ರಚನೆಯನ್ನೂ ಕೊಟ್ಟಿರುತ್ತಾರೆ. ಎಸ್‌ಬಿ ಎಂಬ ಎರಡಕ್ಷರ ಕಂಡರೆ ‘ಸಮ್‌ಬಡಿ’, ಅಂದರೆ ವ್ಯಕ್ತಿ. ಎಸ್‌ಟಿಎಚ್ ಎಂಬ ಮೂರಕ್ಷರ ಕಂಡರೆ ‘ಸಮ್‌ಥಿಂಗ್’, ಅಂದರೆ ವಿಷಯ. ಕ್ರಿಯಾಪದದ ಪಕ್ಕ ಎಸ್‌ಬಿ ಬಂದಿದೆಯೋ, ಎಸ್‌ಟಿಎಚ್ ಬಂದಿದೆಯೋ ಒಂದು ಕ್ಷಣ ನೋಡಿ. ಅರ್ಥ ಓದಿ ಪುಟ ಮುಚ್ಚುವವರಿಗೆ ಈ ಮಾಹಿತಿ ಕಣ್ಣೆದುರಿಗೇ ಇದ್ದೂ ತಪ್ಪಿಹೋಗುತ್ತದೆ.

ಏಳನೇ ಹೆಜ್ಜೆ: ಒಂದು ಮಾತುಕತೆಯನ್ನು ಪೂರ್ತಿ ತಿರುಗಿಸಿ ನೋಡಿ

ಬಿಡಿ ವಾಕ್ಯಗಳಲ್ಲಿ ಸರಿ ಬರೆಯುವವರೂ ಘಟನೆಯೊಂದನ್ನು ವಿವರಿಸುವಾಗ ಮುಗ್ಗರಿಸುತ್ತಾರೆ, ಏಕೆಂದರೆ ಅಲ್ಲಿ ‘ಹೇಳು’, ‘ಅನ್ನು’, ‘ಕೇಳು’ ಒಂದರ ಹಿಂದೊಂದು ಬರುತ್ತವೆ. ಅಭ್ಯಾಸಕ್ಕೆ ಅಂಥದ್ದನ್ನೇ ತೆಗೆದುಕೊಳ್ಳಬೇಕು. ಇದನ್ನು ನೋಡಿ:

ಲತಾ ಫೋನ್ ಮಾಡಿದ್ದಳು. ಇವತ್ತು ಬರೋಕಾಗಲ್ಲ ಅಂದಳು. ಯಾಕೆ ಅಂತ ಕೇಳಿದೆ. ಜ್ವರ ಬಂದಿದೆ ಅಂತ ಹೇಳಿದಳು. ಮೇಡಂಗೆ ಹೇಳೋಕೆ ಹೇಳಿದಳು. ನಾನು ಮೇಡಂ ಹತ್ತಿರ ಮಾತಾಡಿದೆ. ಎರಡು ದಿನ ರೆಸ್ಟ್ ತಗೊಳ್ಳೋಕೆ ಹೇಳು ಅಂದರು.

ಒಂದೊಂದಾಗಿ ಬಿಡಿಸೋಣ. ‘ಬರೋಕಾಗಲ್ಲ ಅಂದಳು’: ಕೇಳುಗ ಇಲ್ಲ, ಮಾತು ಇದೆ. ‘ಶೀ ಸೆಡ್ ಶೀ ಕುಡಂಟ್ ಕಮ್’. ಹೇಳಿದ್ದು ಭೂತಕಾಲದಲ್ಲಿ, ಹಾಗಾಗಿ ಒಳಗಿನ ಮಾತೂ ಒಂದು ಹೆಜ್ಜೆ ಹಿಂದೆ ಸರಿದು ‘ಕಾಂಟ್’ ಹೋಗಿ ‘ಕುಡಂಟ್’ ಆಯಿತು. ‘ಯಾಕೆ ಅಂತ ಕೇಳಿದೆ’: ‘ಐ ಆಸ್ಕ್ಡ್ ಹರ್ ವೈ’, ‘ದಟ್’ ಬೇಡ.

‘ಜ್ವರ ಬಂದಿದೆ ಅಂತ ಹೇಳಿದಳು’ ಎಂಬಲ್ಲಿ ಆಯ್ಕೆ ನಿಮ್ಮದು. ಕನ್ನಡದಲ್ಲಿ ಕೇಳುಗ ಇಲ್ಲ, ಹಾಗಾಗಿ ‘ಶೀ ಸೆಡ್ ಶೀ ಹ್ಯಾಡ್ ಎ ಫೀವರ್’ ಸರಿ. ಕೇಳಿದ್ದು ನೀವೇ ಆದ್ದರಿಂದ ‘ಮೀ’ ಸೇರಿಸಿ ‘ಶೀ ಟೋಲ್ಡ್ ಮೀ ಶೀ ಹ್ಯಾಡ್ ಎ ಫೀವರ್’ ಎಂದರೂ ಸರಿ. ‘ಶೀ ಟೋಲ್ಡ್ ಶೀ ಹ್ಯಾಡ್’ ಮಾತ್ರ ಆಗದು.

‘ಮೇಡಂಗೆ ಹೇಳೋಕೆ ಹೇಳಿದಳು’ ಎಂಬ ವಾಕ್ಯದಲ್ಲಿ ‘ಹೇಳು’ ಎರಡು ಸಲ ಬಂದಿದೆ, ಎರಡರ ಕೆಲಸವೂ ಬೇರೆ. ಕೊನೆಯದು ಗೆಳತಿಯೊಬ್ಬಳ ಕೋರಿಕೆ, ಅಪ್ಪಣೆಯಲ್ಲ. ಹಾಗಾಗಿ ಆಸ್ಕ್. ಒಳಗಿನದು ಮೇಡಂಗೆ ವಿಷಯ ಮುಟ್ಟಿಸುವುದು, ಕೇಳುಗರು ಇದ್ದಾರೆ, ಟೆಲ್. ‘ಶೀ ಆಸ್ಕ್ಡ್ ಮೀ ಟು ಟೆಲ್ ದಿ ಟೀಚರ್’. ಮುಂದಿನ ‘ಮಾತಾಡಿದೆ’ಯಲ್ಲಿ ವಿಷಯ ಬಿಚ್ಚಿಲ್ಲ, ಹಿರಿಯರೊಂದಿಗೆ ನಡೆದ ಮಾತು: ‘ಐ ಸ್ಪೋಕ್ ಟು ದಿ ಟೀಚರ್’. ‘ಟಾಕ್ಡ್ ಟು’ ಎಂದರೂ ತಪ್ಪಿಲ್ಲ.

ಕೊನೆಯದು ಎಲ್ಲಕ್ಕಿಂತ ಬಿಗಿ: ‘ರೆಸ್ಟ್ ತಗೊಳ್ಳೋಕೆ ಹೇಳು ಅಂದರು’. ಹೊರಗಿನ ‘ಅಂದರು’ ಮೇಡಂ ಆಡಿದ ಮಾತು, ಒಳಗಿನ ‘ಹೇಳು’ ಲತಾಗೆ ಮುಟ್ಟಿಸಬೇಕಾದ ಸೂಚನೆ. ಆಡುಮಾತಿನಲ್ಲಿ ‘ಶೀ ಸೆಡ್ ಟು ಟೆಲ್ ಹರ್ ಟು ರೆಸ್ಟ್ ಫಾರ್ ಟು ಡೇಸ್’ ಎಂದು ಹೇಳುವವರಿದ್ದಾರೆ. ಬರಹದಲ್ಲಿ ‘ಶೀ ಟೋಲ್ಡ್ ಮೀ ಟು ಟೆಲ್ ಲತಾ ಟು ರೆಸ್ಟ್ ಫಾರ್ ಟು ಡೇಸ್’ ಎಂದರೆ ಯಾರು ಯಾರಿಗೆ ಹೇಳಿದರು ಎಂಬುದರಲ್ಲಿ ಗೊಂದಲ ಉಳಿಯುವುದಿಲ್ಲ. ‘ಹರ್’ ಬದಲು ಹೆಸರನ್ನೇ ಹಾಕಿರುವುದು ಅದಕ್ಕಾಗಿ.

ನಿಮ್ಮ ದಿನದಲ್ಲಿ ನಡೆದ ಇಂಥ ಒಂದು ಸಣ್ಣ ಮಾತುಕತೆಯನ್ನು ಮೊದಲು ಆಡುಕನ್ನಡದಲ್ಲಿ ಬರೆಯಿರಿ, ಬಾಯಲ್ಲಿ ಬಂದ ಹಾಗೆಯೇ. ‘ಹೇಳು’, ‘ಅನ್ನು’, ‘ಕೇಳು’, ‘ಮಾತಾಡು’ ಬಂದ ಕಡೆಯೆಲ್ಲ ಅಡಿಗೆರೆ ಎಳೆಯಿರಿ. ಪ್ರತಿ ಗೆರೆಯ ಮೇಲೂ ಕೇಳುಗ ಇದ್ದಾನೋ ಇಲ್ಲವೋ ಗುರುತು ಹಾಕಿ. ಇಂಗ್ಲಿಷ್ ವಾಕ್ಯ ಬರೆಯುವುದು ಅದಾದ ಮೇಲೆ.